ಕಠಿಣವೆಂದು ಬದಿಗಿಟ್ಟ ಪುಸ್ತಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ನಟ್ಟಿ ಮುಗಿದ ಮಳೆಗಾಲದ ಸಂಜೆಗಳಲ್ಲಿ ಅಜ್ಜ ಜಗುಲಿಯಲ್ಲಿ ಕುಳಿತು ಕುಮಾರವ್ಯಾಸ ಭಾರತವನ್ನು ಓದುತ್ತಿದ್ದರು. ಅಕ್ಷರ ಬಾರದ ಅಜ್ಜಿ ಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ಒಂದು ಪದ್ಯ ಬಿಟ್ಟುಹೋದರೆ ಅವರೇ ನೆನಪಿಸುತ್ತಿದ್ದರು. ಇಂದು ಅದೇ ಪುಸ್ತಕವನ್ನು ಕೊಟ್ಟರೆ, ಚೆನ್ನಾಗಿ ಓದಿಕೊಂಡವರೂ ಭಾಷೆ ಅರ್ಥವಾಗುವುದಿಲ್ಲವೆಂದು ಗದ್ಯಾನುವಾದವನ್ನು ಕೇಳುತ್ತಾರೆ. ಅವರ ಕಷ್ಟ ನಿಜವಾದದ್ದೇ. ಆದರೂ ಆ ಕಾರಣಕ್ಕೆ ಮೂಲವನ್ನೇ ಬಿಡಬಾರದೆಂದು ನಾನು ಮನಸಾರೆ ನಂಬಿದ್ದೇನೆ.

ನಾನು ಮೊದಲು ತಡೆದು ನಿಂತದ್ದು 'ಕೈದು' ಎಂಬ ಪದದಲ್ಲಿ. ಸೆರೆ ಎಂಬ ಅರ್ಥವನ್ನಿಟ್ಟುಕೊಂಡು ಓದಿದರೆ ಯುದ್ಧದ ಪದ್ಯಕ್ಕೆ ತಲೆಬುಡವೇ ಇರುವುದಿಲ್ಲ. ಅಲ್ಲಿ ಕೈದು ಎಂದರೆ ಆಯುಧ. ಹಾಗೆಯೇ ಬವರ ಎಂದರೆ ಕಾಳಗ, ಮಗುಳೆ ಎಂದರೆ ಮತ್ತೆ. ಪದೇ ಪದೇ ಬರುವ ಇಂಥ ಪದಗಳು ಪರಿಚಯವಾದ ಮೇಲೆ ಉಳಿಯುವ ತೊಡಕು ಹೆಚ್ಚಾಗಿ ಕಣ್ಣಿನದು. ಈ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರಬೇಕು, ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಬೇಕು. ಹೀಗಾಗಿ ಸಾಲಿನ ಕೊನೆಯಲ್ಲಿ ಒಡೆದ ಪದ ಮುಂದಿನ ಸಾಲಿನಲ್ಲಿ ಪೂರ್ಣವಾಗುವುದು ಸಾಮಾನ್ಯ. ಕಣ್ಣು ಅಲ್ಲಿ ಎಡವುತ್ತದೆ, ಕಿವಿ ಎಡವುವುದಿಲ್ಲ. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿರುವ ಹೊಸಹಳ್ಳಿಯ ಗಮಕವನ್ನು, ಅಂದರೆ ರಾಗದಲ್ಲಿ ಕಾವ್ಯ ಓದುವುದನ್ನು, ಕೇಳಿದವರಿಗೆ ಇದು ಗೊತ್ತು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಅದೇ ಊರಿನವರು. ಗಮಕಿ ಅರ್ಥ ಕೆಡದಂತೆ ಪದ ಬಿಡಿಸಿ ರಾಗದಲ್ಲಿ ವಾಚಿಸುತ್ತಾರೆ, ಪಕ್ಕದಲ್ಲಿ ಕುಳಿತವರು ವ್ಯಾಖ್ಯಾನಿಸುತ್ತಾರೆ. ಕಠಿಣ ಕಾವ್ಯವನ್ನು ಅಕ್ಷರ ಬಾರದವರಿಗೂ ಮುಟ್ಟಿಸಲು ನಮ್ಮ ಹಿರಿಯರು ಕಂಡುಕೊಂಡ ದಾರಿ ಇದು.

ಗದ್ಯಾನುವಾದದಲ್ಲಿ ಕಥೆ ಸಿಗುತ್ತದೆ. ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಸಂದರ್ಭ ಸಾರಾಂಶದಲ್ಲಿ ಎರಡು ವಾಕ್ಯಕ್ಕೆ ಮುಗಿದುಹೋಗುತ್ತದೆ. ಮೂಲದಲ್ಲಾದರೆ ಕರ್ಣನ ಕೊರಳ ಸೆರೆ ಹಿಗ್ಗಿ ಕಣ್ಣೀರು ಉಕ್ಕುವ ಹೊತ್ತಿಗೆ, ಪದಪದಕ್ಕೂ ನಿಂತು ಅರ್ಥ ಹುಡುಕುತ್ತ ಬಂದ ಓದುಗ ಅವನ ಪಕ್ಕದಲ್ಲೇ ಇರುತ್ತಾನೆ. ನನ್ನ ಮಟ್ಟಿಗೆ ಆ ನಿಧಾನವನ್ನು ಕೊಟ್ಟದ್ದು ಭಾಷೆಯ ಕಾಠಿಣ್ಯವೇ.

ಪದ ತಿಳಿದರೂ ಅರ್ಥ ದಕ್ಕದ ಇನ್ನೊಂದು ಬಗೆಯ ಕಷ್ಟವಿದೆ. ನಮ್ಮ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮಪ್ರಭುವಿನ, ಒಗಟಿನಂತಿರುವ ಬೆಡಗಿನ ವಚನಗಳ ಮುಂದೆ ನಿಘಂಟು ಸೋಲುತ್ತದೆ. ಅವುಗಳಲ್ಲಿ ಒಂದೊಂದನ್ನು ನಾನು ತಿಂಗಳುಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು ತಿರುಗಾಡಿದ್ದೇನೆ.

ಕಳೆದ ಶ್ರಾವಣದಲ್ಲಿ ಮಗಳೂ ನಾನೂ ಉದ್ಯೋಗಪರ್ವದಿಂದ ಆರಂಭಿಸಿ, ದೀಪ ಹಚ್ಚಿದ ಮೇಲೆ ದಿನಕ್ಕೆ ಐದು ಪದ್ಯಗಳಂತೆ ಗಟ್ಟಿಯಾಗಿ ಓದುತ್ತ ಬಂದಿದ್ದೇವೆ. ತಿಳಿಯದ ಪದಗಳಿಗೆ ಅವಳು ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ. ಅಜ್ಜನದೇ ಪ್ರತಿ ಅದು. ಕೆಲವು ಪದಗಳ ಕೆಳಗೆ ಅವರು ಎಳೆದ ಗೆರೆ ಮೊದಲೇ ಇರುತ್ತದೆ.