ಫಾರ್ವರ್ಡ್ ಮಾಡದಿದ್ದರೆ ದೇವರು ಮುನಿಯುತ್ತಾರಾ?

‘11 ಜನಕ್ಕೆ ಕಳಿಸಿ, ಶುಭ ಸುದ್ದಿ ಬರುತ್ತದೆ, ಸುಮ್ನೆ ಬಿಟ್ಟರೆ ಕೇಡು’ ಎನ್ನುವ ಮೆಸೇಜು ದಾವಣಗೆರೆಯ ಗ್ರೂಪುಗಳಿಗೂ ಬರುತ್ತಲೇ ಇರುತ್ತದೆ. ಇದು ನಿಜವಲ್ಲ. ಮೊಬೈಲಿಗೂ ಮೊದಲು ಇದೇ ಬೆದರಿಕೆ ಪೋಸ್ಟ್‌ಕಾರ್ಡಿನಲ್ಲಿ ಬರುತ್ತಿತ್ತು.

ಕಳಿಸುವವರ ಭಕ್ತಿ ಸುಳ್ಳಲ್ಲ, ಮನೆಯವರಿಗೆ ಏನಾದರೂ ಆದೀತು ಎಂಬ ಭಯ ಅಷ್ಟೆ. ಆದರೆ ನಮ್ಮೂರ ದೇವತೆ ದುಗ್ಗಮ್ಮನಿಗೆ ಉಡಿ ತುಂಬುವವರು ಹರಕೆಯನ್ನು ತಾವೇ ಹೊರುತ್ತಾರೆ, ಬೆದರಿಸಿ ಹೊರಿಸುವುದಿಲ್ಲ ಅಲ್ವಾ? ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಹೇಳಿದ್ದೂ ‘ಮಾಡಿದಷ್ಟು ನೀಡು ಭಿಕ್ಷೆ’ ಎಂದೇ, ಅಂದರೆ ಮಾಡಿದ ಕೆಲಸಕ್ಕೆ ತಕ್ಕ ಫಲ. ಕಳಿಸಿದಷ್ಟು ಅಲ್ಲ.

ನೀವೇ ಪರೀಕ್ಷಿಸಬಹುದು. ಮೆಸೇಜಿನ ಮೇಲೆ ಜೋಡಿ ಬಾಣವಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಅಂಥದ್ದನ್ನು 2020ರಿಂದ ವಾಟ್ಸಾಪ್ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಲು ಬಿಡುತ್ತದೆ. ಕಳಿಸದವರಿಗೆ ಕೇಡಾಯಿತು ಎಂದು ಮೆಸೇಜು ಹೇಳುವ ‘ನಡೆದ ಘಟನೆ’ಯಲ್ಲಿ ಊರು, ತಾರೀಖು ಇದೆಯಾ ನೋಡಿ. ಮೊದಲ ಸಾಲನ್ನು ಗೂಗಲ್‌ನಲ್ಲಿ ಹುಡುಕಿ. ಅದೇ ಮಾತು ಬೇರೆ ದೇವರ ಹೆಸರಲ್ಲೂ ಸಿಗಬಹುದು.