ಇಪ್ಪತ್ತೆರಡು ಟಿಪ್ಪಣಿ, ಮಳೆಯ ಬಗ್ಗೆ ಒಂದೂ ಇಲ್ಲ

ನಿನ್ನೆ ಕರೆಂಟ್ ಬಂದಾಗ ರಾತ್ರಿ ಹನ್ನೊಂದು. ಆಗಲೇ ಕುಳಿತು ನಮ್ಮ ಮಳೆ ಲೆಕ್ಕದ ತಂತ್ರಾಂಶದ ಕೈಪಿಡಿ ತೆರೆದೆ. ವಿರಾಜಪೇಟೆ ಕಡೆಯ ಕಾಲೇಜು ಹುಡುಗಿಯೊಬ್ಬಳು ಮೊದಲ ಬಾರಿಗೆ ಒಂದು ಅಧ್ಯಾಯ ಬರೆದು ಕಳುಹಿಸಿದ್ದಳು. ಅದರ ಕೆಳಗೆ ಇಪ್ಪತ್ತೆರಡು ಟಿಪ್ಪಣಿ! ಟ್ಯಾಬ್ ಏಕೆ ಒತ್ತಿದೆ, ಉದ್ಧರಣ ಚಿಹ್ನೆ ಒಂಟಿಯೋ ಜೋಡಿಯೋ, ಸಾಲು ಉದ್ದವಾಯಿತು. ಕೋಡ್ ಸಾಲನ್ನು ಒಳಸರಿಸಲು ಒಬ್ಬರು ನಾಲ್ಕು ಸ್ಪೇಸ್ ಎಂದರೆ ಇನ್ನೊಬ್ಬರು ಎರಡು ಎಂದು ಅವಳ ಪುಟದಲ್ಲೇ ಜಗಳಕ್ಕೆ ನಿಂತಿದ್ದಾರೆ. ಅವಳು ಎರಡು ಸಲ ತಿದ್ದಿ, ಮೂರನೆಯ ಸಲ ಸುಮ್ಮನಾಗಿದ್ದಾಳೆ.

ಆ ಪುಟದಲ್ಲಿ ನಿಜವಾದ ತಪ್ಪೊಂದಿತ್ತು. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಉದಾಹರಣೆಯ ಕೋಡ್ ಒಂದು ಇಂಚು ಐದು ಸೆಂಟನ್ನು 1.5 ಇಂಚು ಎಂದು ಓದುತ್ತಿತ್ತು. 26.67 ಮಿಲಿಮೀಟರ್ ಬರಬೇಕಾದಲ್ಲಿ 38.1. ಕಾಫಿ ಹೂ ಅರಳಿಸುವ ಹೂಮಳೆ ಸಾಲದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕೇ ಎಂದು ಇದೇ ಲೆಕ್ಕ ನೋಡಿ ತೀರ್ಮಾನಿಸುವವರಿದ್ದಾರೆ. ಇಪ್ಪತ್ತೆರಡು ಟಿಪ್ಪಣಿ ಬರೆದವರಲ್ಲಿ ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ.

ಕೋಡ್ ಬರೆಯಲು ಒಂದು ಶೈಲಿ ಬೇಕೇ ಬೇಕು. ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟ್ಯಾಬ್ ಮತ್ತು ಸ್ಪೇಸ್ ಅಡ್ಡಾದಿಡ್ಡಿ ಬೆರೆತರೆ ಪ್ರೋಗ್ರಾಂ ಓಡುವುದೇ ಇಲ್ಲ. ಕೈಪಿಡಿಯ ಕೋಡನ್ನು ಜನ ಹಾಗೆಯೇ ನಕಲು ಮಾಡುತ್ತಾರೆ. ಅದರಲ್ಲಿ ಬಾಗಿದ ಉದ್ಧರಣ ಚಿಹ್ನೆ ನುಸುಳಿದ್ದರೆ ಅಲ್ಲಿಗೇ ಕೆಲಸ ಕೆಟ್ಟಿತು. ಕನ್ನಡದ ಕಷ್ಟ ಬೇರೆಯೇ ಇದೆ. ‘ಕೊಡಗು’ ಎಂಬ ಪದದ ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನು, ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಏಕರೂಪಕ್ಕೆ ತರದಿದ್ದರೆ, ಒಂದನ್ನು ಹುಡುಕಿದಾಗ ಇನ್ನೊಂದು ಸಿಗದೆ ಹೋಗಬಹುದು.

ಇಷ್ಟೆಲ್ಲ ಇರುವುದರಿಂದಲೇ ಹೇಳುತ್ತಿದ್ದೇನೆ: ಒಂದು ಸಲ ಕುಳಿತು ಒಪ್ಪಿ, ಬರೆದಿಟ್ಟು, ಕಾವಲನ್ನು ಯಂತ್ರಕ್ಕೆ ವಹಿಸಿ. ಪೈಥಾನ್ ಬಳಗ 2001ರಲ್ಲೇ ಪೆಪ್ 8 ಎಂಬ ಶೈಲಿ ನಿಯಮಗಳನ್ನು ಬರೆದುಕೊಂಡಿತು: ನಾಲ್ಕು ಸ್ಪೇಸ್, ಸಾಲಿಗೆ ಹೆಚ್ಚೆಂದರೆ 79 ಅಕ್ಷರ. ಗೋ ಭಾಷೆಯವರು ಟ್ಯಾಬ್ ಆರಿಸಿಕೊಂಡು, ಕೋಡನ್ನು ಅಚ್ಚುಕಟ್ಟಾಗಿ ಜೋಡಿಸುವ ಕೆಲಸವನ್ನು ಗೋಫಮ್ಟ್ ಎಂಬ ಸಾಧನಕ್ಕೆ ಕೊಟ್ಟರು. ಎರಡೂ ಕಡೆ ಕೆಲಸ ಚೆನ್ನಾಗಿಯೇ ಸಾಗಿದೆ. ಕೈಪಿಡಿಯೊಳಗಿನ ಪೈಥಾನ್ ತುಣುಕುಗಳನ್ನು ಜೋಡಿಸಲು ಬ್ಲ್ಯಾಕನ್-ಡಾಕ್ಸ್ ಎಂಬ ಸಾಧನವಿದೆ. ಯಂತ್ರ ಚಣದಲ್ಲಿ ಮುಗಿಸುವುದಕ್ಕೆ ಇಪ್ಪತ್ತೆರಡು ಟಿಪ್ಪಣಿ ಏಕೆ ಬೇಕಿತ್ತು?

ಹೊಸಬರು ಟಿಪ್ಪಣಿಗಳಿಂದಲೇ ಕಲಿಯುತ್ತಾರೆ ಎಂದು ಗೆಳೆಯರೊಬ್ಬರು ವಾದಿಸಿದರು. ನಿಯಮವನ್ನೇ ಬರೆದಿಡದ ಕಡೆ ಅವರು ಕಲಿಯುವುದು ಹಿರಿಯರ ಮರ್ಜಿ ಕಾಯುವುದನ್ನು. ಗೆಳೆಯರ ವಾದವನ್ನು ನಾನು ಒಪ್ಪುವುದಿಲ್ಲ.

ಇದು ನಾನು ಬೆಂಗಳೂರಿನಲ್ಲಿದ್ದ ದಿನಗಳ ಮಾತು. ಇದೊಂದನ್ನು ಹೇಳಿರಲಿಲ್ಲ. ಅಲ್ಲಿ ಹೊಸ ಹುಡುಗನೊಬ್ಬನ ಬರಹವನ್ನು ಬರೀ ಸಾಲಿನ ಉದ್ದಕ್ಕಾಗಿ ನಾಲ್ಕು ಸಲ ಹಿಂದಕ್ಕೆ ಕಳುಹಿಸಿದ್ದೆ. ಐದನೆಯ ಸಲ ಅವನು ಬರೆಯಲಿಲ್ಲ. ನಿನ್ನೆ ರಾತ್ರಿ ಅವನ ಮುಖವೇ ಕಣ್ಣ ಮುಂದೆ ಇತ್ತು.

ಮಲಗುವ ಮುನ್ನ ಹುಡುಗಿಗೆ ಸೆಂಟಿನ ತಪ್ಪನ್ನು ಮಾತ್ರ ತಿಳಿಸಿ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಬರೆದೆ. ಬೆಳಿಗ್ಗೆ ಉತ್ತರ ಬಂದಿದೆ. ಅವಳ ಅಜ್ಜನ ಮಳೆ ಪುಸ್ತಕದಲ್ಲಿ ಐದು ಸೆಂಟ್ ಎಲ್ಲ ಕಡೆಯೂ ‘05’ ಎಂದೇ ಇದೆಯಂತೆ. ಸೊನ್ನೆ ಬಿಟ್ಟರೆ ಅಜ್ಜ ಬೈಯುತ್ತಿದ್ದರಂತೆ. ನಮ್ಮ ನಿಯಮಗಳ ಕಡತದ ಮೊದಲ ಸಾಲನ್ನು ಅವಳೇ ಬರೆಯಲಿ ಎಂದು ಕೇಳಿಕೊಂಡಿದ್ದೇನೆ.