ಕೈಗೆ ಕಟ್ಟಿದ ಉದ್ರಿ ಖಾತೆ

ಹಡಗಿನಿಂದ ಇಳಿದು ಹದಿನೆಂಟು ದಿನ ಆಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಸಮುದ್ರದ ಮೇಲೆ ನನ್ನ ದೂರಿಲ್ಲ. ಊಟದ ಮೇಲೂ ಇಲ್ಲ, ದಿನಾ ಅನ್ನ, ಬೇಳೆಸಾರು ಸಿಕ್ಕಿತು. ಹಾಸಿಗೆ ಹಾಸಿ, ಟವೆಲಿನಲ್ಲಿ ಆನೆ ಮಾಡಿಟ್ಟು ಹೋಗುತ್ತಿದ್ದ ಹುಡುಗನಂತೂ ಬಂಗಾರದಂಥವನು. ನನ್ನ ಜಗಳ ಏನಿದ್ದರೂ ಮಣಿಕಟ್ಟಿಗೆ ಕಟ್ಟಿದ ಆ ನೀಲಿ ಪಟ್ಟಿಯ ಜೊತೆ. ಸ್ಮಾರ್ಟ್ ಬ್ಯಾಂಡ್ ಅಂತೆ. ಸ್ಮಾರ್ಟ್ ಯಾರು, ದಡ್ಡರು ಯಾರು ಅಂತ ಬಿಲ್ ಬಂದಾಗ ಗೊತ್ತಾಯಿತು.

ಮಗಳು, ಅಳಿಯ ಸಿಂಗಾಪುರದಲ್ಲಿದ್ದಾರೆ. ಬೇಸಿಗೆ ರಜೆಗೆ ನಮ್ಮನ್ನು ಕರೆಸಿಕೊಂಡು ನಾಲ್ಕು ರಾತ್ರಿಯ ಹಡಗಿನ ಪ್ರವಾಸ ಬುಕ್ ಮಾಡಿದ್ದರು. ಸಿಂಗಾಪುರದಿಂದ ಪೆನಾಂಗ್, ಅಲ್ಲಿಂದ ಫುಕೆಟ್, ವಾಪಸ್. ಬಾಗಲಕೋಟೆ ನವನಗರದಿಂದ ಹೊರಟವರು ನಾನು, ನಮ್ಮವರು, ಎಪ್ಪತ್ತೆಂಟರ ಅತ್ತೆ. ಒಂಬತ್ತು ವರ್ಷದ ಮೊಮ್ಮಗ ಅಜ್ಜಿ ಜೊತೆಗೇ ಮಲಗುತ್ತೇನೆ ಅಂತ ಹಟ ಹಿಡಿದು ನಮ್ಮ ರೂಮಿಗೆ ಸೇರಿಕೊಂಡ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಿಲ್ಲಿನಲ್ಲಿ ಬರುತ್ತದೆ.

'ಅಷ್ಟು ನೀರು ನೋಡಿ ಹೆದರಿಕಿ ಬರೂದಿಲ್ಲೇನ್ರಿ ಅಮ್ಮಾರ?' ಅಂತ ಪಕ್ಕದ ಮನೆಯವರು ಅತ್ತೆಯನ್ನು ಕೇಳಿದ್ದರು. 'ಆಲಮಟ್ಟಿ ನೀರು ಮನಿತನಕಾ ಬಂದಾಗ ಹೆದರಲಿಲ್ಲ, ಈಗೇನ್ ಹೆದರೂದು' ಅಂದರು. ಮುಳುಗಡೆ ಕಂಡವರು ಅವರು. ಹಳೇ ಬಾಗಲಕೋಟೆಯ ಓಣಿ ಬಿಟ್ಟು, ಸೆಕ್ಟರ್ ನಂಬರು, ಪ್ಲಾಟ್ ನಂಬರಿನ ನವನಗರಕ್ಕೆ ಬಂದು ಕೂತವರು. ನಂಬರ್ ಆಗಿ ಬದುಕುವುದು ನಮ್ಮ ಮನೆಗೆ ಹೊಸದಲ್ಲ ಬಿಡಿ.

ಬ್ಯಾಂಡುಗಳು ಹೊರಡುವ ಮೊದಲೇ ಕೊರಿಯರ್‌ನಲ್ಲಿ ಮಗಳ ಮನೆಗೆ ಬಂದಿದ್ದವು. ಚಂದದ ಡಬ್ಬಿ, ಬೆಳ್ಳಿ ಬಣ್ಣದಲ್ಲಿ ಒಬ್ಬೊಬ್ಬರ ಹೆಸರು. ಅತ್ತೆ ತಮ್ಮದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು, 'ಯಾವ ಗುಡಿದು ದಾರ ಇದು?'

ಅಳಿಯ ಸಾಫ್ಟ್‌ವೇರಿನವನು. ಕೂಡಿಸಿಕೊಂಡು ಪಾಠ ಮಾಡಿದ. ಒಳಗೆ ಎರಡು ಬಗೆಯ ರೇಡಿಯೋ ಇದೆಯಂತೆ. ಒಂದು ತೀರಾ ಹತ್ತಿರ ಹಿಡಿದಾಗ ಮಾತ್ರ ಕೆಲಸ ಮಾಡುವುದು, ಎನ್‌ಎಫ್‌ಸಿ. ಅದಕ್ಕೆ ಬ್ಯಾಟರಿ ಬೇಡ, ಎದುರಿನ ಮಷೀನೇ ಶಕ್ತಿ ಕೊಡುತ್ತದೆ. ಬಾಗಿಲು ತೆಗೆಯಲು, ದುಡ್ಡು ಕಟ್ಟಲು ಅದು. ಇನ್ನೊಂದು ಬ್ಲೂಟೂತ್. ಸಣ್ಣ ಬ್ಯಾಟರಿ ಮೇಲೆ ಹಗಲೂ ರಾತ್ರಿ 'ನಾನು ಇಲ್ಲಿದ್ದೇನೆ, ಇಲ್ಲಿದ್ದೇನೆ' ಅಂತ ಪಿಸುಗುಟ್ಟುತ್ತಿರುತ್ತದೆ. ಹಡಗಿನ ತುಂಬ ಕೂಡಿಸಿದ ಸೆನ್ಸರ್‌ಗಳು ಕೇಳಿಸಿಕೊಳ್ಳುತ್ತಿರುತ್ತವೆ. ವಿಜಯಪುರಕ್ಕೆ ಹೋಗಿ ಗೋಳಗುಮ್ಮಟ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಈ ಕಡೆ ಪಿಸುಗುಟ್ಟಿದ್ದು ಆ ಕಡೆಯವರ ಕಿವಿಗೆ ಬೀಳುತ್ತದೆ. ಆದರೆ ಅಲ್ಲಿ ಬಾಯಿ ಮುಚ್ಚಿಕೊಂಡಿರುವುದು ನಮ್ಮ ಕೈಯಲ್ಲಿದೆ. ಈ ಪಟ್ಟಿಗೆ ಸ್ವಿಚ್ಚೇ ಇಲ್ಲ.

ಇದು ಶುರುವಾಗಿದ್ದು ಹಡಗಿನಲ್ಲಲ್ಲವಂತೆ. 2013ರಲ್ಲಿ ಅಮೆರಿಕದ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಮ್ಯಾಜಿಕ್‌ಬ್ಯಾಂಡ್ ಬಂತು. ಮರುವರ್ಷ ರಾಯಲ್ ಕೆರಿಬಿಯನ್‌ನವರ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಿ ವಾವ್‌ಬ್ಯಾಂಡ್. 2017ರ ಜನವರಿಯಲ್ಲಿ ಲಾಸ್ ವೇಗಸ್ ಮೇಳದಲ್ಲಿ ಕಾರ್ನಿವಲ್ ಕಂಪನಿಯವರು ಓಷನ್ ಮೆಡಾಲಿಯನ್ ತೋರಿಸಿದರು, ನಾಣ್ಯದಷ್ಟು ದೊಡ್ಡ ಬಿಲ್ಲೆ. ಡಿಸ್ನಿಯ ಬ್ಯಾಂಡಿಗೆ ಕೆಲಸ ಮಾಡಿದ್ದ ಜಾನ್ ಪ್ಯಾಜೆಟ್ ಎಂಬುವರೇ ಇದರ ಹಿಂದೆಯೂ ಇದ್ದರು. ನಾವು ಹತ್ತಿದ್ದು ಇವರ್ಯಾರ ಹಡಗೂ ಅಲ್ಲ. ನಮ್ಮದರ ಹೆಸರು ಇಲ್ಲಿ ಬೇಡ, ಬರೆದರೆ ಅದಕ್ಕೂ ಒಂದು ಚಾರ್ಜ್ ಹಾಕಿಯಾರು.

ಮೊದಲ ಸಂಜೆ. ಡೆಕ್ ನೋಡಿಕೊಂಡು ರೂಮಿಗೆ ಬಂದೆ. ಬೀಗಕ್ಕೆ ಕೈ ಹಿಡಿದೆ. ಕೆಂಪು ದೀಪ. ಮತ್ತೆ ಹಿಡಿದೆ, ಮತ್ತೆ ಕೆಂಪು. ಕೈ ತಿರುಗಿಸಿ, ಮೊಣಕೈ ಎತ್ತಿ, ಬಾಗಿಲಿಗೆ ನಮಸ್ಕಾರ ಮಾಡಿದಂತೆ ಬಗ್ಗಿ ಹಿಡಿದರೂ ಕೆಂಪು. ಹಿಂದೆ ಒಂದು ಚೀನೀ ಕುಟುಂಬ ದಾರಿ ಬಿಡಲಿ ಅಂತ ಕಾಯುತ್ತಾ ನಿಂತಿತ್ತು. ಟವೆಲ್ ಆನೆಯ ಹುಡುಗ ಓಡಿ ಬಂದ. ನನ್ನ ಕೈ ನೋಡಿದ. ಒಂದು ಡಜನ್ ಹಸಿರು ಬಳೆ, ಎರಡು ಕಡೆ ಬಂಗಾರದ ಪಾಟಲಿ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡ ನೀಲಿ ಪಟ್ಟಿ. ನಗುತ್ತಾ, ತುಂಬ ಮರ್ಯಾದೆಯಿಂದಲೇ ಹೇಳಿದ: ಮೇಡಂ, ಬಳೆ ತೆಗೆದು ನೋಡಿ.

ಪಾಪ, ಅವನಿಗೇನು ಗೊತ್ತು. ನಮ್ಮ ಕಡೆ ಬಳೆ ಒಡೆದರೂ 'ಒಡೀತು' ಅನ್ನುವುದಿಲ್ಲ, 'ಹೆಚ್ಚಿತು' ಅನ್ನುತ್ತೇವೆ. ಮಗಳು ಅರ್ಥ ಹೇಳಿದ ಕೂಡಲೇ ಅತ್ತೆಯ ಮುಖ ಕಪ್ಪಾಯಿತು. ಮಾವ ಹೋದ ಮೇಲೆ ಬರಿಗೈ ಆದವರು ಅವರು. 'ಬಾಗಲಾ ತೆರೀಲಿಕ್ಕೆ ಬಳಿ ತಗೀಬೇಕಂತ? ಮುಚ್ಚೇ ಇರ್ಲಿ ಬಿಡು ಆ ಬಾಗಲಾ.'

ಕಾರಣ ಏನೆಂದರೆ, ಹತ್ತಿರ ಹಿಡಿಯುವ ಆ ರೇಡಿಯೋಗೆ ಲೋಹ ಆಗಿಬರುವುದಿಲ್ಲ. ಪಕ್ಕದಲ್ಲೇ ಬಂಗಾರ ಇದ್ದರೆ ಒಳಗಿನ ಆಂಟೆನಾದ ಲೆಕ್ಕ ತಪ್ಪುತ್ತದೆ, ಬೀಗಕ್ಕೆ ಅದರ ಮಾತು ಕೇಳಿಸುವುದಿಲ್ಲ. ಮಾಡಿದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಹಾಗಾದರೆ ಇದನ್ನು ಮಾಡುವಾಗ ಅವರ ಕಣ್ಣ ಮುಂದೆ ಇದ್ದದ್ದು ಯಾರ ಕೈ? ಬಾಗಲಕೋಟೆ ಹೆಂಗಸಿನ ಕೈಯಂತೂ ಅಲ್ಲ. ಅತ್ತೆಯ ಬರಿಗೈಗಾದರೂ ಸರಿಹೋಯಿತಾ ಅಂದರೆ, ಅದೂ ಇಲ್ಲ. ಕೊನೆಯ ತೂತಿಗೆ ಹಾಕಿದರೂ ಅವರ ಸಣ್ಣ ಮಣಿಕಟ್ಟಿನಿಂದ ಜಾರಿ ಮೊಣಕೈತನಕ ಹೋಗುತ್ತಿತ್ತು. ಎರಡನೇ ದಿನ ಅದನ್ನು ಬಿಚ್ಚಿ ಎಲೆ ಅಡಿಕೆ ಸಂಚಿಗೆ ಹಾಕಿದರು. ನನ್ನದನ್ನೂ ಇಸಿದುಕೊಂಡು ಹಾಕಿದರು. ಆಮೇಲೆ ನೋಡಿ, ಸಂಚಿ ಹಿಡಿದರೆ ಸಾಕು, ಹಸಿರು ದೀಪ, ಬಾಗಿಲು ತೆಗೆಯಿತು. ಮೈಮೇಲೆ ಧರಿಸುವ ತಂತ್ರಜ್ಞಾನ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಸುಖವಾಗಿತ್ತು.

ಒಳ್ಳೆಯದು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಹಡಗು ಹೊರಡುವ ಮೊದಲು ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ತೋರಿಸುತ್ತಾರೆ. ಅಲ್ಲಿ ಬ್ಯಾಂಡ್ ತಾಗಿಸಿದರೆ ಯಾರು ಬಂದರು, ಯಾರು ಬಂದಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಪೆನಾಂಗ್‌ನಲ್ಲಿ ಇಳಿದು ವಾಪಸ್ ಹತ್ತುವಾಗಲೂ ಹಾಗೆಯೇ, ತಾಗಿಸಿದ ಕೂಡಲೇ ನಮ್ಮ ಫೋಟೋ ಪರದೆ ಮೇಲೆ ಬರುತ್ತದೆ. ಇದಕ್ಕೆ ನನ್ನ ತಕರಾರಿಲ್ಲ. ಇಷ್ಟಕ್ಕೇ ನಿಲ್ಲಿಸಬಹುದಿತ್ತಲ್ವಾ?

ನಿಲ್ಲಿಸಲಿಲ್ಲ. ಮಗಳ ಮೊಬೈಲಿನಲ್ಲಿ ಹಡಗಿನ ನಕ್ಷೆ, ಅದರ ಮೇಲೆ ನಾವೆಲ್ಲ ಒಂದೊಂದು ಚುಕ್ಕೆ. ನಮ್ಮವರು 'ಸಮುದ್ರ ನೋಡಿ ಬರುತ್ತೇನೆ' ಅಂತ ಹೋದರೆ ಅವರ ಚುಕ್ಕೆ ಕ್ಯಾಸಿನೋದಲ್ಲಿ ಮುಕ್ಕಾಲು ಗಂಟೆ ನಿಂತಿತ್ತು. 'ಒಳಗ ಏಸಿ ಚಲೋ ಇತ್ತು, ಕೂತಿದ್ದೆ' ಅಂದರು. ಆಡಿಲ್ಲ, ಅದು ನಿಜ, ಬಿಲ್ಲಿನಲ್ಲಿ ಇಲ್ಲ. ಆದರೆ ಮೂವತ್ತಮೂರು ವರ್ಷದ ಸಂಸಾರದಲ್ಲಿ ನಾನು ಎಂದೂ ಕೇಳದ ಲೆಕ್ಕವನ್ನು ಒಂದು ಪಟ್ಟಿ ಕೇಳಿಸಿಬಿಟ್ಟಿತು. ಅವರು ಎರಡು ಹೊತ್ತು ಮಾತಾಡಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ದುಡ್ಡು.

ನಮ್ಮ ಸೆಕ್ಟರಿನ ಕಿರಾಣಿ ಅಂಗಡಿಯಲ್ಲಿ ನನ್ನದು ಉದ್ರಿ ಖಾತೆ ಇದೆ. ಕೆಂಪು ರಟ್ಟಿನ ಉದ್ದನೆಯ ಬುಕ್ಕು. ಸಕ್ಕರೆ ಎರಡು ಕಿಲೋ, ಶೇಂಗಾ ಒಂದು ಕಿಲೋ ಅಂತ ಬರೆದು, ಬುಕ್ಕನ್ನೇ ನನ್ನ ಕಡೆ ತಿರುಗಿಸಿ 'ನೋಡ್ರಿ ಅಕ್ಕಾರ, ಬರದೀನಿ' ಅನ್ನುತ್ತಾನೆ. ಬಾಕಿ ಏರಿದರೆ ಅವನೇ ಹೇಳುತ್ತಾನೆ, 'ಭಾಳ ಆಗೇತ್ರಿ, ಒಂದಿಷ್ಟು ಕೊಡ್ರಿ'. ಉದ್ರಿಗೂ ಒಂದು ನಿಯತ್ತು ಇದೆ. ಹಡಗಿನ ಪಟ್ಟಿಯೂ ಉದ್ರಿ ಖಾತೆಯೇ. ಆದರೆ ಬುಕ್ಕು ಅವರ ಕಡೆಗೇ ತಿರುಗಿರುತ್ತದೆ. ನಮಗೆ ಕೇಳುವುದು 'ಟಿಂಗ್' ಅನ್ನುವ ಶಬ್ದ ಒಂದೇ. ಐದು ಡಾಲರ್‌ಗೂ ಅದೇ ಟಿಂಗ್, ಐವತ್ತು ಡಾಲರ್‌ಗೂ ಅದೇ ಟಿಂಗ್. ಪರ್ಸು ತೆಗೆಯುವಾಗ, ನೋಟು ಎಣಿಸುವಾಗ ಎದೆಯೊಳಗೆ ಒಂದು ಚುರುಕ್ ಅನ್ನುತ್ತದಲ್ಲ, ಅದನ್ನೇ ತೆಗೆದುಹಾಕಿದ್ದಾರೆ. ಅನುಕೂಲ ಅಂತ ಕರೆಯುತ್ತಾರಲ್ಲ, ಅದು ಇದೇ.

ಕೊನೆಯ ದಿನ ಬೆಳಿಗ್ಗೆ ಬಿಲ್ ಬಂತು. ನಮ್ಮ ಒಂದು ರೂಮಿಗೆ 386 ಡಾಲರ್. ಟಿಕೆಟ್ಟಿನ ದುಡ್ಡು ಮೊದಲೇ ಕೊಟ್ಟಾಗಿತ್ತು, ಇದು ಮೇಲಿನದು. ನಮ್ಮವರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಟಿಪ್ಸ್ ದಿನಕ್ಕೆ ಒಬ್ಬೊಬ್ಬರ ಮೇಲೆ ತಾನಾಗಿಯೇ ಕೂಡಿತ್ತು. ಅದು ಗೊತ್ತಿತ್ತು, ಇರಲಿ. ಆಟದ ಮಷೀನು, ಎರಡೆರಡು ಡಾಲರ್‌ನಂತೆ 47 ಸಲ. 94 ಡಾಲರ್!

ಹುಡುಗನನ್ನು ಬೈಯಲು ಬಾಯಿ ತೆರೆದೆ. ಅವನು ಗಾಬರಿಯಾಗಿ 'ಎಲ್ಲಾ ಫ್ರೀ ಅಲ್ವಾ ಅಜ್ಜಿ?' ಅಂದ. ಬಾಯಿ ಮುಚ್ಚಿಕೊಂಡೆ. ಅವನ ಮಾತಿನಲ್ಲಿ ತಪ್ಪೇನಿದೆ? ಊಟ ಪುಕ್ಕಟೆ. ಐಸ್‌ಕ್ರೀಮ್ ಪುಕ್ಕಟೆ. ನೀರಿನ ಜಾರುಬಂಡೆ ಪುಕ್ಕಟೆ. ಅದೇ ಪಟ್ಟಿಯಿಂದ ಬಾಗಿಲು ತೆಗೆಯುತ್ತದೆ, ಅದಕ್ಕೂ ದುಡ್ಡಿಲ್ಲ. ಈ ಒಂದು ಮಷೀನಿನ ಮುಂದೆ ಮಾತ್ರ ಟಿಂಗ್ ಅಂದರೆ ತಾತನ ಕಾರ್ಡಿನಿಂದ ದುಡ್ಡು ಹೋಗುತ್ತದೆ ಅಂತ ಒಂಬತ್ತರ ಮಗುವಿಗೆ ಯಾವ ದೇವರು ಕನಸಿನಲ್ಲಿ ಬಂದು ಹೇಳಬೇಕು?

ಕೌಂಟರಿಗೆ ಹೋದೆವು. ನಲವತ್ತು ನಿಮಿಷ ಸಾಲು. ಎಲ್ಲರ ಕೈಯಲ್ಲೂ ಬಿಲ್, ಎಲ್ಲರ ಮುಖದಲ್ಲೂ ನಮ್ಮದೇ ಕಳೆ. ಕೌಂಟರಿನವನ ಉತ್ತರ ತಯಾರಾಗಿತ್ತು: ಮಕ್ಕಳ ಖರ್ಚಿಗೆ ಆಪ್‌ನಲ್ಲಿ ಮಿತಿ ಹಾಕಬಹುದಿತ್ತು, ನೀವು ಹಾಕಿಲ್ಲ. ದಿನದಿನದ ಲೆಕ್ಕವೂ ಆಪ್‌ನಲ್ಲೇ ಕಾಣುತ್ತದೆ, ನೀವು ನೋಡಿಲ್ಲ. ಅಂದರೆ ಹೇಗೆ? ಪರ್ಸು ಬೇಡ, ಫೋನು ಬೇಡ, ಪಟ್ಟಿ ಒಂದಿದ್ದರೆ ಸಾಕು ಅಂತ ಕೈಗೆ ಕಟ್ಟಿದವರು ಇವರೇ. ಖರ್ಚು ಮಾಡಲು ಫೋನ್ ಬೇಡ, ಖರ್ಚು ನೋಡಲು ಫೋನ್ ಬೇಕು. ಮಗುವಿನ ಪಟ್ಟಿಯಲ್ಲಿ ದುಡ್ಡಿನ ದಾರಿ ಮೊದಲು ಬಂದ್ ಇರಬೇಕು, ಬೇಕಾದವರು ತೆರೆದುಕೊಳ್ಳಲಿ. ಇವರು ಬಾಗಿಲು ತೆರೆದಿಟ್ಟು, ನೀವು ಯಾಕೆ ಮುಚ್ಚಲಿಲ್ಲ ಅಂತ ಕೇಳುತ್ತಾರೆ.

ಆಗ ನಮ್ಮವರು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಮೂರನೇ ರಾತ್ರಿ, 12:40. ಬಿಯರ್, ಎರಡು. 17 ಡಾಲರ್. ಮೇಲೆ ನೂರಕ್ಕೆ 18ರಂತೆ ಸೇವಾ ಶುಲ್ಕ. ಒಟ್ಟು 20 ಡಾಲರ್ 6 ಸೆಂಟ್. ಹೆಸರು ನಮ್ಮ ಅತ್ತೆಯದು.

ಏಕಾದಶಿಗೆ ನೀರೂ ಲೆಕ್ಕ ಹಾಕಿ ಕುಡಿಯುವ ಹೆಂಗಸು. ಆ ಹೊತ್ತಿಗೆ ಪಟ್ಟಿ ಸಂಚಿಯಲ್ಲಿ, ಸಂಚಿ ತಲೆದಿಂಬಿನ ಕೆಳಗೆ, ಗೊರಕೆಯ ಸದ್ದಿಗೆ ನಾನೇ ಎದ್ದು ಕೂತಿದ್ದೆ. ಕೌಂಟರಿನವನು ಪರದೆ ನೋಡಿ 'ಸಿಸ್ಟಮ್‌ನಲ್ಲಿ ಇದೆ ಮೇಡಂ' ಅಂದ. ಪಟ್ಟಿ ತಾಗಿಸಿದ್ದಾರೋ ಅಥವಾ ಯಾರಾದರೂ ರೂಮ್ ನಂಬರನ್ನು ಕೈಯಿಂದ ಒತ್ತಿದ್ದಾರೋ ಅಂತ ಅಳಿಯ ಕೇಳಿದ. ಹಾಗೂ ಮಾಡಬಹುದು ಅಂತ ಒಪ್ಪಿಕೊಂಡ! ಸಹಿ ಇದೆಯಾ? ಇಲ್ಲ. ಹಾಗಾದರೆ ನನ್ನ ಬಳೆಗಳ ನಡುವೆ ಇದನ್ನು ಯಾಕೆ ತುರುಕಿದಿರಿ ಅಂತ ನಾನು ಕನ್ನಡದಲ್ಲೇ ಕೇಳಿದೆ. ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಬರುವುದಿಲ್ಲ. ಮಗಳು ಅರ್ಧ ಮಾತ್ರ ಅನುವಾದ ಮಾಡಿದಳು ಅನ್ನಿಸುತ್ತದೆ.

ರೂಮಿಗೆ ಹೋಗಿ ಅತ್ತೆಯನ್ನೇ ಕರೆದುಕೊಂಡು ಬಂದೆ. ಇಳಕಲ್ ಸೀರೆ, ಹಣೆಗೆ ವಿಭೂತಿ, ಕಂಕುಳಲ್ಲಿ ಸಂಚಿ. ಕೌಂಟರಿನ ಮುಂದೆ ನಿಲ್ಲಿಸಿದೆ. ಅವನು ಅವರನ್ನು ನೋಡಿದ, ಪರದೆ ನೋಡಿದ, ಮತ್ತೆ ಅವರನ್ನು ನೋಡಿದ. ಮಾತಾಡದೆ ಆ ಸಾಲು ತೆಗೆಯುತ್ತೇನೆ ಅಂದ. ವಾಪಸ್ ಬರುವಾಗ ಅತ್ತೆ ಮೆಲ್ಲಗೆ ಕೇಳಿದರು, 'ಎಷ್ಟು ಕುಡದೀನಂತ ನಾ?'

ಆಟದ 94 ಡಾಲರ್ ಬಿಡಲಿಲ್ಲ. ಬಿಡುವುದೂ ಇಲ್ಲವಂತೆ.

ಈ ಚಾಳಿ ಹಡಗಿನಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಬೆಳಗಾವಿ ಕಡೆಯ ಒಂದು ರೆಸಾರ್ಟಿಗೆ ಹೋಗಿಬಂದ ನಾದಿನಿ ಹೇಳಿದಳು, ಅಲ್ಲೂ ಕೈಗೆ ಪಟ್ಟಿ ಕಟ್ಟಿ, ಮೊದಲೇ ದುಡ್ಡು ತುಂಬಿಸಿಕೊಂಡು, ಉಳಿದದ್ದನ್ನು ವಾಪಸ್ ಕೇಳಿದರೆ ಮುಂದಿನ ಸಲ ಬಂದಾಗ ಬಳಸಿ ಅಂದರಂತೆ. ಒಂದು ಪ್ಲೇಟ್ ಗಿರ್ಮಿಟ್ ತಿನ್ನಲು ಕೈಗೆ ಬೇಡಿ ಹಾಕಿಸಿಕೊಳ್ಳಬೇಕಾ?

ಇಷ್ಟೆಲ್ಲಾ ಇವತ್ತು ಬರೆಯಲು ಕಾರಣ, ನಿನ್ನೆ ಕಾರ್ಡಿನ ಸ್ಟೇಟ್‌ಮೆಂಟ್ ಬಂತು. ತೆಗೆಯುತ್ತೇನೆ ಅಂದ ಬಿಯರ್ ಹಾಗೇ ಇದೆ. ಪೂರ್ತಿ 386 ಡಾಲರ್ ಕಿತ್ತುಕೊಂಡಿದ್ದಾರೆ. ಮಗಳು ಮೇಲ್ ಹಾಕಿದಳು. ಎರಡೇ ನಿಮಿಷದಲ್ಲಿ ಉತ್ತರ, ಬರೆದದ್ದು ಮನುಷ್ಯರಲ್ಲ ಅಂತ ಓದಿದರೆ ಗೊತ್ತಾಗುತ್ತದೆ. ದೂರು ವಿಚಾರಿಸಲು ಬ್ಯಾಂಡಿನ ಹಿಂದೆ ಇರುವ ನಂಬರ್ ಕಳಿಸಬೇಕಂತೆ.

ಅತ್ತೆಯ ಸಂಚಿ ಬಿಚ್ಚಿಸಿದೆ. ಪಟ್ಟಿ ಇನ್ನೂ ಅಲ್ಲೇ ಇದೆ, ಅಡಕತ್ತರಿಯ ಜೊತೆ. ಸುಣ್ಣ ಹತ್ತಿ, ಎಲೆಯ ರಸ ಹತ್ತಿ, ಹಿಂದಿನ ನಂಬರ್ ಅಳಿಸಿಹೋಗಿದೆ. ಭೂತಗನ್ನಡಿ ಹಿಡಿದು ನೋಡಿದರೂ ಮೊದಲ ಎರಡು ಅಂಕಿ ಬಿಟ್ಟರೆ ಏನೂ ಕಾಣುವುದಿಲ್ಲ. ಆ ಎರಡು ಅಂಕಿಯನ್ನೇ ಬರೆದು ಕಳಿಸಿದ್ದೇನೆ.